ಬಯಲುಸೀಮೆಯ ಮಕ್ಕಳು ನಡುಗಡಲಿನ ಸ್ಕಿಪ್ಪರ್ ಆಗುವುದು ಹೇಗೆ?

ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ನಮಗೆ ಗೊತ್ತಿರುವುದು ನೀರಿನ ಜಗಳದಿಂದಲೇ ಜಾಸ್ತಿ. ಆ ಹೊಳೆಯ ಹೆಸರು ಹೊತ್ತ ಒಂದು ಹಾಯಿದೋಣಿಯೂ ಇದೆ. ಗೋವಾದ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ, ನೌಕಾಪಡೆಯ 56 ಅಡಿ ಉದ್ದದ ಐಎನ್‌ಎಸ್‌ವಿ ಮ್ಹಾದೇಯಿ ಅದು. 2009-10ರಲ್ಲಿ ನೌಕಾಪಡೆಯ ಅಧಿಕಾರಿ ದಿಲೀಪ್ ದೋಂಡೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಹಾಯಿಯ ಬಲದಿಂದ ಹಾಗೆ ಸುತ್ತಿದ ಮೊದಲ ಭಾರತೀಯ ಅವರು. 2012-13ರಲ್ಲಿ ನೌಕಾಪಡೆಯ ಇನ್ನೊಬ್ಬ ಅಧಿಕಾರಿ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ, ಎಲ್ಲೂ ನಿಲ್ಲದೆ ಸುತ್ತಿದರು.

ಟಾಮಿ ಇದಕ್ಕೂ ಮೊದಲು ದೋಂಡೆಯವರ ಯಾನಕ್ಕೆ ದಡದಿಂದ ನೆರವಾಗುವ ಕೆಲಸದಲ್ಲಿದ್ದರು. ದೋಂಡೆಯವರು ಮುಂದೆ ನೌಕಾಪಡೆಯ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟರು. ಆ ತಂಡ 2017-18ರಲ್ಲಿ ಐಎನ್‌ಎಸ್‌ವಿ ತಾರಿಣಿಯಲ್ಲಿ ಭೂಮಿ ಸುತ್ತಿತು. ಈ ವಿದ್ಯೆ ಹೀಗೇ ಒಬ್ಬರ ಕೈಕೆಳಗೆ ದುಡಿದು ಇನ್ನೊಬ್ಬರಿಗೆ ಬರುತ್ತದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮಕ್ಕಳು ಹಾಯಿದೋಣಿ ಕಲಿಯುತ್ತೇನೆ ಅಂದರೆ ಮನೆಯಲ್ಲಿ ಮೊದಲು ಬರುವ ಮಾತು "ನಮಗೆಲ್ಲಿ ಸಮುದ್ರ ಐತಿ?" ಅಂತ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಗೆ ಸಮುದ್ರ ಇನ್ನೂ ದೂರ. ಅಲ್ಲಿನ ರೈತರ ಮಗಳು ನೇಹಾ ಠಾಕೂರ್ ಭೋಪಾಲದ ಸೇಲಿಂಗ್ ಶಾಲೆಯಲ್ಲಿ, ಊರಿನ ದೊಡ್ಡ ಕೆರೆಯಲ್ಲಿ ಕಲಿತರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು. ನಮಗಾದರೋ ಚೋರ್ಲಾ ಘಾಟ್ ಇಳಿದರೆ ಗೋವಾ.

ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದೇ: ಹಂತ ಹಾರಬೇಡಿ. ಕಲಿಕೆಯ ಮೊದಲ ಭಾಗ ಊರಲ್ಲೇ ಆಗುತ್ತದೆ. ಮುಂದೆ ಒಂದೊಂದು ಮೆಟ್ಟಿಲು ಹತ್ತಿದ ಹಾಗೆ ನಿಮ್ಮ ಮೇಲೆ ಬೀಳುವ ಹೊಣೆ ಹೆಚ್ಚುತ್ತಾ ಹೋಗಬೇಕು. ಹೊಣೆ ಹೊರಲು ಕಲಿಯದೆ ಬರೀ ದೊಡ್ಡ ದೋಣಿಗೆ ಹತ್ತಿದರೆ ಪ್ರಯೋಜನವಿಲ್ಲ.

ಯಾವ ದಾರಿ ಅಂತ ಮೊದಲು ನಿರ್ಧರಿಸಿ

"ಹಡಗಿನ ಕ್ಯಾಪ್ಟನ್ ಆಗಬೇಕು" ಅನ್ನುವ ಹುಡುಗರಲ್ಲಿ ಬಹಳ ಜನರ ಮನಸ್ಸಿನಲ್ಲಿರುವುದು ಮರ್ಚಂಟ್ ನೇವಿ, ಅಂದರೆ ಸರಕು ಹಡಗಿನ ನೌಕರಿ. ಅದರ ದಾರಿಯೇ ಬೇರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆದು, ಡೆಕ್ ಕೆಡೆಟ್, ಅಂದರೆ ತರಬೇತಿಯಲ್ಲಿರುವ ಅಧಿಕಾರಿಯಾಗಿ ಶುರು ಮಾಡಬೇಕು. ಅದಕ್ಕೆ ಹೋಗುವವರಿಗೆ ಒಂದೇ ಎಚ್ಚರಿಕೆ. ಕಾಲೇಜು ಇರಲಿ, ಕೆಲಸ ಕೊಡಿಸುವ ಏಜೆಂಟ್ ಇರಲಿ, ಹೆಸರು ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರದ ಇಲಾಖೆ ಡಿಜಿ ಶಿಪ್ಪಿಂಗ್‌ನ ಪಟ್ಟಿಯಲ್ಲಿ ಇದೆಯಾ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇಲ್ಲಿ ನಾನು ಹೇಳುತ್ತಿರುವುದು ಗಾಳಿಯಿಂದ ನಡೆಯುವ ಹಾಯಿದೋಣಿಯ ಸ್ಕಿಪ್ಪರ್, ಅಂದರೆ ದೋಣಿಯ ಪೂರ್ತಿ ಹೊಣೆ ಹೊತ್ತು ನಡೆಸುವವರ ಬಗ್ಗೆ. ಅದಕ್ಕೆ ಎರಡು ದಾರಿಗಳಿವೆ.

ಒಂದು, ಸೈನ್ಯದ ದಾರಿ. ವಿಜಯಪುರದ ಸೈನಿಕ ಶಾಲೆ, ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆ, ಹುಡುಗಿಯರಿಗೆ ಕಿತ್ತೂರಿನ ಸೈನಿಕ ಶಾಲೆ ನಮ್ಮ ಬಾಗಿಲಲ್ಲೇ ಇವೆ. ಅಲ್ಲಿಂದ ಖಡಕವಾಸ್ಲಾದ ಎನ್‌ಡಿಎ ಅಥವಾ ಎಳಿಮಲದ ನೌಕಾ ಅಕಾಡೆಮಿಗೆ ಹೋದರೆ ದೋಣಿ, ಗುರು, ನೀರು ಎಲ್ಲವೂ ಸಿಗುತ್ತವೆ. ಭೂಸೇನೆಯವರೂ ಹಾಯಿದೋಣಿಯಲ್ಲಿ ಮುಂದಿದ್ದಾರೆ. ಒಲಿಂಪಿಕ್ಸ್‌ಗೆ ಹೋದ ವಿಷ್ಣು ಸರವಣನ್ ಸೇನೆಯವರೇ. ಆದರೆ ಇದು ಮೊದಲು ಸೈನಿಕ ವೃತ್ತಿ, ಆಮೇಲೆ ದೋಣಿ. ಬರೀ ದೋಣಿಯ ಆಸೆಗೆ ಯೂನಿಫಾರ್ಮ್ ಹಾಕಬೇಡಿ.

ಇನ್ನೊಂದು, ಕ್ಲಬ್ಬು ಮತ್ತು ಕೋರ್ಸಿನ ದಾರಿ. ಇದಕ್ಕೆ ದುಡ್ಡು ಬೇಕು. ಚಿಕ್ಕ ದೋಣಿಯ ಹಂತ ಕೈಗೆ ಎಟಕುತ್ತದೆ, ದೊಡ್ಡ ದೋಣಿಯ ಕೋರ್ಸು ಪರೀಕ್ಷೆಗಳೆಲ್ಲ ಸೇರಿದರೆ ಲಕ್ಷಗಳ ಲೆಕ್ಕ. ಹಾಗಾಗಿ ಅದನ್ನು ವರ್ಷಗಳ ಮೇಲೆ ಹಂಚಿಕೊಳ್ಳಬೇಕು. ಇವೆರಡರ ನಡುವೆ ಎನ್‌ಸಿಸಿಯ ನೇವಲ್ ವಿಂಗ್ ಇದೆ. ಓದಲು ಬೇರೆ ಊರಿಗೆ ಹೋಗುವವರು ಕಾಲೇಜು ಆರಿಸುವಾಗ ಅದು ಇದೆಯಾ ಅಂತ ಕೇಳಿ. ಹುಟ್ಟು ಹಾಕುವುದು, ಹಾಯಿ ಕಟ್ಟುವುದು, ಸಿಗ್ನಲ್, ಗಂಟು ಎಲ್ಲವನ್ನೂ ಅಲ್ಲಿ ಹೆಚ್ಚು ಖರ್ಚಿಲ್ಲದೆ ಕಲಿಸುತ್ತಾರೆ.

ಊರಲ್ಲೇ ಮುಗಿಸಬೇಕಾದ ಪಾಠ

ಮೊದಲು ಈಜು. ಬಾವಿಗೆ ಧುಮುಕಿ ಮೇಲೆ ಬರುವುದಷ್ಟೇ ಸಾಲದು. ಪ್ಯಾಂಟು, ಅಂಗಿ ಹಾಕಿಕೊಂಡೇ 50 ಮೀಟರ್ ಈಜಲು ಬರಬೇಕು. ಕೈ ಬಡಿಯದೆ, ಗಾಬರಿಯಾಗದೆ, ನಿಂತಲ್ಲೇ ಹತ್ತು ನಿಮಿಷ ತೇಲಲು ಬರಬೇಕು. ಬೆನ್ನ ಮೇಲೆ ತೇಲುವುದು ಕಲಿತರೆ ಅರ್ಧ ಭಯ ಹೋಗುತ್ತದೆ. ಇದನ್ನು ಈಜುಕೊಳದಲ್ಲಿ, ಕಲಿಸುವವರ ಎದುರಿಗೇ ಮಾಡಿ.

ಹೊಳೆ ಮತ್ತು ಹಿನ್ನೀರಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಆಲಮಟ್ಟಿ ಹಿನ್ನೀರು ಮೇಲಿಂದ ಶಾಂತವಾಗಿ ಕಾಣುತ್ತದೆ. ಅಡಿಯಲ್ಲಿ ಮುಳುಗಡೆಯಾದ ಗೋಡೆ, ಮುಳ್ಳುಗಿಡ, ಮೀನಿನ ಬಲೆ ಇರುತ್ತವೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನ ಹೊಳೆಯ ಸೆಳೆತ ನೋಡನೋಡುತ್ತಲೇ ಬದಲಾಗುತ್ತದೆ. ಆಲಮಟ್ಟಿಯಾಗಲಿ, ಹಿಡಕಲ್ ಆಗಲಿ, ನವಿಲುತೀರ್ಥವಾಗಲಿ, ಅನುಮತಿ ಇಲ್ಲದೆ, ಲೈಫ್ ಜಾಕೆಟ್ ಇಲ್ಲದೆ, ಒಬ್ಬರೇ ನೀರಿಗೆ ಇಳಿಯುವುದು ಬೇಡ.

ಹೊಳೆಸಾಲಿನ ಊರಿನವರಾದರೆ ಅಲ್ಲಿನ ಅಂಬಿಗರ ಜೊತೆ, ಮೀನುಗಾರರ ಜೊತೆ ಹೋಗಿ. ಅಂಬಿಗರ ಚೌಡಯ್ಯನ ನಾಡಿದು, ಈ ವಿದ್ಯೆ ಇಲ್ಲಿ ಹಳೆಯದು. ಹರಿಗೋಲಿನಲ್ಲಿ ಮೈತೂಕ ಎಲ್ಲಿಡಬೇಕು, ಹುಟ್ಟು ಹೇಗೆ ಹಾಕಬೇಕು ಅನ್ನುವುದನ್ನು ನೋಡಿ ಕಲಿಯಿರಿ. ಮುಖ್ಯವಾಗಿ, ಅವರು ಹೊಳೆ ದಾಟುವ ಬಗೆ ಗಮನಿಸಿ. ಎದುರು ದಡದಲ್ಲಿ ತಲುಪಬೇಕಾದ ಜಾಗಕ್ಕೆ ನೇರವಾಗಿ ಮುಖ ಮಾಡುವುದಿಲ್ಲ. ಹರಿವು ಬರುವ ಕಡೆಗೆ ಸ್ವಲ್ಪ ಮೇಲಕ್ಕೆ ಗುರಿ ಇಡುತ್ತಾರೆ. ಸೆಳೆತ ತಳ್ಳಿದಷ್ಟು ತಳ್ಳಿ ದೋಣಿ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಮುಂದೆ ಸಮುದ್ರದ ನಕ್ಷೆಯ ಮೇಲೆ ಪೆನ್ಸಿಲ್, ಸ್ಕೇಲು ಹಿಡಿದು ನೀವು ಮಾಡುವ ಲೆಕ್ಕ ಇದೇ.

ಎರಡನೆಯದು ಗಾಳಿ. ನಮ್ಮ ಕಡೆಯ ರೈತ ಮಕ್ಕಳಿಗೆ ಗಾಳಿಯ ಅರಿವು ಇದ್ದೇ ಇರುತ್ತದೆ. ಕಣದಲ್ಲಿ ರಾಶಿ ತೂರಲು ಗಾಳಿಗೆ ಕಾದು, ಅದು ಯಾವ ಕಡೆಯಿಂದ ಬಂತು ಅಂತ ನೋಡಿ ಮೊರ ಎತ್ತಿದವರು ಇಂದೂ ಊರಲ್ಲಿದ್ದಾರೆ. ಆ ಅರಿವಿಗೆ ಅಳತೆ ಸೇರಿಸಿಕೊಳ್ಳಿ. ದಿನಾ ಬೆಳಿಗ್ಗೆ, ಸಂಜೆ ಮಾಳಿಗೆ ಹತ್ತಿ ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ, ಎಷ್ಟು ಬಲ ಇದೆ ಅಂತ ಮೊದಲು ನೀವೇ ಹೇಳಿ. ಆಮೇಲೆ ಮೊಬೈಲಿನಲ್ಲಿ ನೋಡಿ. ಕೆನ್ನೆ, ಕಿವಿಗೆ ತಾಗುವ ಗಾಳಿ, ಹೊಗೆ, ಜೋಳದ ಹೊಲದ ಓಲಾಟ ಇವೇ ನಿಮ್ಮ ಮಾಪಕ.

ಗಾಳಿಯನ್ನು ನಾಟ್‌ಗಳಲ್ಲಿ ಅಳೆಯುತ್ತಾರೆ. 1 ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. 11ರಿಂದ 16 ನಾಟ್ ಗಾಳಿಗೆ ನೀರಿನ ಮೇಲೆ ಬಹಳ ಕಡೆ ಬಿಳಿ ನೊರೆ ಏಳುತ್ತದೆ. ನೆನಪಿಡಬೇಕಾದದ್ದು ಏನೆಂದರೆ, ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 10 ನಾಟ್‌ನಲ್ಲಿ ಆರಾಮಾಗಿ ಓಡಿದ ದೋಣಿ 20 ನಾಟ್‌ನಲ್ಲಿ ಬೇರೆಯದೇ ದೋಣಿ ಆಗಿರುತ್ತದೆ. ಆಷಾಢದ ಗಾಳಿಯಲ್ಲಿ ದೊಡ್ಡದೊಂದು ತಾಡಪಾಲು ಹಿಡಿದು ನಿಂತರೆ ಇದು ಮೈಗೇ ತಿಳಿಯುತ್ತದೆ.

ಹಗ್ಗದ ವಿಷಯ ಬೇಗ ಮುಗಿಯುತ್ತದೆ. ಬೋಲೈನ್, ಫಿಗರ್ ಏಟ್, ಕ್ಲೋವ್ ಹಿಚ್, ಎರಡು ಸುತ್ತು ಹಾಕಿ ಕಟ್ಟುವ ಹಾಫ್ ಹಿಚ್, ರೀಫ್ ನಾಟ್. ಈ ಐದು ಗಂಟು ಸಾಕು. ಕಣ್ಣು ಮುಚ್ಚಿ, ಒದ್ದೆ ಹಗ್ಗದಲ್ಲಿ, ಬೆನ್ನ ಹಿಂದೆ ಕೈ ಇಟ್ಟು ಕಟ್ಟಲು ಬರುವವರೆಗೂ ಬಿಡಬೇಡಿ.

ಇನ್ನು ರಾತ್ರಿ ಆಕಾಶ. ಮದುವೆಯಲ್ಲಿ ಅರುಂಧತಿಯ ಜೊತೆ ತೋರಿಸುವ ಧ್ರುವ ನಕ್ಷತ್ರವನ್ನು ನಿಜವಾಗಿ ಹುಡುಕಿ ನೋಡಿ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ, ನೀವಿರುವ ಜಾಗದ ಅಕ್ಷಾಂಶ ಸುಮಾರಾಗಿ ಅಷ್ಟೇ. ವಿಜಯಪುರದ ಅಕ್ಷಾಂಶ 17 ಡಿಗ್ರಿಗೆ ಸ್ವಲ್ಪ ಕಡಿಮೆ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ, ಒಂದು ಬೆರಳು ಸುಮಾರು 2 ಡಿಗ್ರಿ. ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಮೂರ್ನಾಲ್ಕು ಬೆರಳು ಇಟ್ಟರೆ ಧ್ರುವ ಸಿಗುತ್ತದೆ. ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಬ್ಯಾಟರಿ ಸತ್ತ ರಾತ್ರಿಗೆ ಇದು ಬೇಕು, ಅಲ್ವಾ?

ಚಿಕ್ಕ ದೋಣಿ

ಈಗ ಊರು ಬಿಡಬೇಕು. ಬೆಳಗಾವಿ ಕಡೆಯವರಿಗೆ ಗೋವಾ ಅತ್ಯಂತ ಹತ್ತಿರ. ಚೋರ್ಲಾ ರಸ್ತೆ ಇದೆ, ಲೋಂಡಾ ಮೇಲೆ ಹೋಗುವ ವಾಸ್ಕೋ ರೈಲು ಇದೆ. ವಿಜಯಪುರ, ಬಾಗಲಕೋಟೆಯವರು ಹೈದರಾಬಾದಿನ ಹುಸೇನ್ ಸಾಗರವನ್ನೂ ಯೋಚಿಸಬಹುದು. ಗೋವಾದಲ್ಲಿ ಅಕ್ಟೋಬರಿನಿಂದ ಮೇ ನಡುವೆ ಮಾತ್ರ ಕಲಿಯಲು ಹೋಗಿ. ದಸರಾ ರಜೆ, ಬೇಸಿಗೆ ರಜೆಯ ಶಿಬಿರಗಳೇ ಮಕ್ಕಳಿಗೆ ಸರಿ.

ಶಾಲೆ ಆರಿಸುವಾಗ ಅಪ್ಪ-ಅವ್ವ ಕೇಳಬೇಕಾದ ಪ್ರಶ್ನೆಗಳಿವೆ. ಮಕ್ಕಳು ನೀರಲ್ಲಿರುವಾಗ ಮೋಟಾರ್ ಇರುವ ಕಾವಲು ದೋಣಿ ಜೊತೆಗಿರುತ್ತದಾ? ಒಬ್ಬ ಗುರುವಿಗೆ ಎಷ್ಟು ಮಕ್ಕಳು? ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇದೆಯಾ? ಯಾಚಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆ ಇದೆಯಾ? ಕಾವಲು ದೋಣಿ ಇಲ್ಲ ಅಂದರೆ ಉಳಿದ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ, ವಾಪಸ್ ಬನ್ನಿ.

15 ವರ್ಷದೊಳಗಿನವರು ಆಪ್ಟಿಮಿಸ್ಟ್ ದೋಣಿಯಲ್ಲಿ ಕಲಿಯುತ್ತಾರೆ. ಉದ್ದ 2.3 ಮೀಟರ್, ತೂಕ 35 ಕೆ.ಜಿ., ಒಂದೇ ಹಾಯಿ, ಒಬ್ಬರೇ ಸವಾರರು. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಮಕ್ಕಳಿಗಾಗಿಯೇ ಇದನ್ನು ರೂಪಿಸಿದರು. ದೊಡ್ಡವರಿಗೆ ಐಎಲ್‌ಸಿಎ, ಹಳೆಯ ಹೆಸರು ಲೇಸರ್. 4.2 ಮೀಟರಿನ ಒಂದೇ ದೋಣಿಗೆ ಮೈತೂಕ ನೋಡಿಕೊಂಡು ಮೂರು ಅಳತೆಯ ಹಾಯಿಗಳಲ್ಲಿ ಒಂದನ್ನು ಕಟ್ಟುತ್ತಾರೆ. ನೇಹಾ ಠಾಕೂರ್ ಗೆದ್ದದ್ದು ಇದರ ಚಿಕ್ಕ ಹಾಯಿಯ ವಿಭಾಗದಲ್ಲಿ.

ಚಿಕ್ಕ ದೋಣಿಯಲ್ಲಿ ಕಲಿಯುವ ಮೊದಲ ದೊಡ್ಡ ಸಂಗತಿ, ಗಾಳಿ ಬರುವ ಕಡೆಗೆ ನೇರವಾಗಿ ಹೋಗಲಾಗದು ಅನ್ನುವುದು. ಗಾಳಿಯ ದಿಕ್ಕಿನಿಂದ ಆಚೆ ಈಚೆ ಸುಮಾರು 45 ಡಿಗ್ರಿಯೊಳಗೆ ಹಾಯಿ ಬರೀ ಪಟಪಟ ಬಡಿಯುತ್ತದೆ, ದೋಣಿ ನಿಂತುಬಿಡುತ್ತದೆ. ಆ ಕಡೆಗೇ ಹೋಗಬೇಕಾದರೆ ಅಂಕುಡೊಂಕಾಗಿ ಹೋಗಬೇಕು. ಸ್ವಲ್ಪ ದೂರ ಗಾಳಿಯನ್ನು ಬಲಗಡೆ ಇಟ್ಟುಕೊಂಡು, ಆಮೇಲೆ ಮೂತಿ ತಿರುಗಿಸಿ ಎಡಗಡೆ ಇಟ್ಟುಕೊಂಡು. ಹಾಗೆ ತಿರುಗಿಸುವುದಕ್ಕೆ ಟ್ಯಾಕ್ ಅನ್ನುತ್ತಾರೆ. ದೋಣಿ ಅಡ್ಡಕ್ಕೆ ಜಾರದೆ ಮುಂದಕ್ಕೆ ಹೋಗುವುದು ತಳದಲ್ಲಿ ಇಳಿಬಿಟ್ಟ ಹಲಗೆಯಿಂದ. ಗಾಳಿ ಅಡ್ಡಕ್ಕೆ ತಳ್ಳುತ್ತದೆ, ನೀರೊಳಗಿನ ಹಲಗೆ ಅದನ್ನು ತಡೆಯುತ್ತದೆ, ಉಳಿದ ಬಲ ಮುಂದಕ್ಕೆ ಒಯ್ಯುತ್ತದೆ.

ಗಾಳಿ ಹಿಂದಿನಿಂದ ಬರುವಾಗ ದೋಣಿ ತಿರುಗಿಸುವುದು ಜೈಬ್. ಇದರಲ್ಲಿ ಹಾಯಿಯ ಅಡಿಯಲ್ಲಿರುವ ಅಡ್ಡಕೋಲು, ಅಂದರೆ ಬೂಮ್, ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋರಾಗಿ ಬೀಸಿ ಬರುತ್ತದೆ. ತಲೆ ಬಗ್ಗಿಸಬೇಕು. ಚಿಕ್ಕ ದೋಣಿಯಲ್ಲಿ ತಲೆಗೆ ಬರೀ ಬುಗುಟು ಬರಬಹುದು, ದೊಡ್ಡ ದೋಣಿಯಲ್ಲಿ ಜೀವವೇ ಹೋಗಬಹುದು. ತಲೆ ಬಗ್ಗಿಸುವ ಅಭ್ಯಾಸ ಚಿಕ್ಕ ದೋಣಿಯಲ್ಲೇ ಮೈಗೆ ಹತ್ತಬೇಕು.

ದೋಣಿ ಮಗುಚುತ್ತದೆ. ಮಗುಚಲೇಬೇಕು. ಮೊದಲ ವಾರದಲ್ಲೇ ಬೇಕಂತಲೇ ಮಗುಚಿಸಿ ಅಭ್ಯಾಸ ಮಾಡಿ. ದೋಣಿ ಬಿಟ್ಟು ದಡಕ್ಕೆ ಈಜಬೇಡಿ. ನೀರಲ್ಲಿ ಒಂದು ತಲೆ ದೂರಕ್ಕೆ ಕಾಣುವುದಿಲ್ಲ, ಮಗುಚಿದ ದೋಣಿ ಕಾಣುತ್ತದೆ. ದೋಣಿ ಹಿಡಿದೇ ಸುತ್ತಿ ಬಂದು, ಮೂತಿ ಗಾಳಿಗೆ ತಿರುಗಿಸಿ, ತಳದ ಹಲಗೆಯ ಮೇಲೆ ಭಾರ ಹಾಕಿ ನಿಂತು ಎಳೆದರೆ ಏಳುತ್ತದೆ.

ಒಂದೆರಡು ಸೀಸನ್ ರೇಸ್ ಮಾಡಿ ಅಂತ ನನ್ನ ಸಲಹೆ. ಗೆಲ್ಲುವುದು ಮುಖ್ಯವಲ್ಲ. ರೇಸಿನಲ್ಲಿ ದೋಣಿಗಳು ಒತ್ತೊತ್ತಾಗಿ ಬರುತ್ತವೆ, ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದು ಕ್ಷಣದಲ್ಲಿ ಹೊಳೆಯಬೇಕು. ಗಾಳಿ ಎಡಗಡೆಯಿಂದ ಬರುತ್ತಿರುವ ದೋಣಿ, ಗಾಳಿ ಬಲಗಡೆಯಿಂದ ಬರುತ್ತಿರುವ ದೋಣಿಗೆ ದಾರಿ ಬಿಡಬೇಕು. ಇದು ರೇಸಿಗೂ ಹೌದು, 1972ರ ಅಂತರರಾಷ್ಟ್ರೀಯ ಸಮುದ್ರ ಸಂಚಾರ ನಿಯಮಕ್ಕೂ ಹೌದು.

ಬೇರೆಯವರ ದೋಣಿಯಲ್ಲಿ ಕೈಯಾಳಾಗಿ

ಇದು ಬಹಳ ಜನ ಬೇಗ ದಾಟಿಹೋಗಲು ನೋಡುವ ಹಂತ. ನಾನಂತೂ ಇದನ್ನು ಉದ್ದ ಮಾಡಿ ಅನ್ನುತ್ತೇನೆ. 30-40 ಅಡಿಯ ಕೀಲ್ ದೋಣಿಯಲ್ಲಿ (ತಳದಲ್ಲಿ ಭಾರದ ರೆಕ್ಕೆ ಇರುವ ದೋಣಿ), ಬಲ್ಲ ಸ್ಕಿಪ್ಪರ್ ಕೈಕೆಳಗೆ, ಹೇಳಿದ ಕೆಲಸ ಮಾಡುವುದು. ಹಾಯಿ ಎತ್ತುವುದು, ಇಳಿಸುವುದು, ಹಗ್ಗ ಸುತ್ತಿಡುವುದು, ಲಂಗರು ಹಾಕುವುದು, ಪಾತ್ರೆ ತೊಳೆಯುವುದು, ಟಾಯ್ಲೆಟ್ ಪಂಪ್ ರಿಪೇರಿ ಮಾಡುವುದು. ಎಲ್ಲವೂ ಪಾಠವೇ. ಮುಂದೆ ನಿಮ್ಮ ಕೈಕೆಳಗಿನವರಿಗೆ ಕೆಲಸ ಹೇಳುವಾಗ ಆ ಕೆಲಸದ ಕಷ್ಟ ಗೊತ್ತಿರಬೇಕು.

ಹಗ್ಗ ಎಳೆಯುವ ವಿಂಚ್‌ನಿಂದ ಬೆರಳು ದೂರ ಇಡಿ. ಡೆಕ್ ಮೇಲೆ ನಡೆಯುವಾಗ ಒಂದು ಕೈಯಿಂದ ದೋಣಿಯನ್ನು ಹಿಡಿದೇ ಇರಿ. ರಾತ್ರಿ ಮೇಲೆ ಬರುವಾಗ, ಒಬ್ಬರೇ ಕಾವಲಿಗೆ ಕೂರುವಾಗ, ಎದೆಪಟ್ಟಿಯ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಿಯೇ ಕೂರಬೇಕು. ನಡುಗಡಲಿಗೆ 150 ನ್ಯೂಟನ್ ತೇಲುಬಲದ, ಗಾಳಿ ತುಂಬಿಕೊಳ್ಳುವ ಜಾಕೆಟ್ ಬೇಕು. ಅದರೊಳಗಿನ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯಾ ಅಂತ ಪ್ರತಿ ಯಾನಕ್ಕೂ ಮೊದಲು ನೀವೇ ತೆಗೆದು ನೋಡಿ.

ಹೊಟ್ಟೆ ತೊಳೆಸುವುದು ಎಲ್ಲರಿಗೂ ಆಗುತ್ತದೆ, ನಾಚಿಕೆ ಬೇಡ. ಡಾಕ್ಟರನ್ನು ಕೇಳಿ ತಂದ ಮಾತ್ರೆಯನ್ನು ಹೊರಡುವ ಮೊದಲೇ ನುಂಗಿ. ಖಾಲಿ ಹೊಟ್ಟೆ ಬೇಡ, ಎಣ್ಣೆ ಪದಾರ್ಥ ಬೇಡ. ಕೆಳಗೆ ಹೋಗಿ ಮಲಗುವ ಬದಲು ಮೇಲೆ ಕೂತು ದಿಗಂತ ನೋಡಿ. ಸಾಧ್ಯವಾದರೆ ಚುಕ್ಕಾಣಿ ಕೇಳಿ ಹಿಡಿಯಿರಿ.

ಊಟದ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದವರಿಗೆ ಒಂದು ಅನುಕೂಲ ಇದೆ. ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಫ್ರಿಜ್ ಇಲ್ಲದೆ ದಿನಗಟ್ಟಲೆ ಇರುತ್ತವೆ, ಅಲೆಯಲ್ಲಿ ಒಲೆ ಹಚ್ಚುವ ಗೋಜಿಲ್ಲ. ಕಡಲ ಗಾಳಿಗೆ ರೊಟ್ಟಿ ಮೆತ್ತಗಾಗುತ್ತದೆ, ಹಾಗಾಗಿ ಬಿಗಿ ಮುಚ್ಚಳದ ಡಬ್ಬಿ ಬೇಕು. ರಾತ್ರಿ ಕಾವಲಿಗೆ ಅಮೀನಗಡದ ಕರದಂಟು ಒಂದೆರಡು ತುಂಡು ಜೇಬಿನಲ್ಲಿರಲಿ. ಬೆಲ್ಲ, ಅಂಟು, ಒಣಹಣ್ಣು ಎಲ್ಲ ಸೇರಿ ಆ ಹೊತ್ತಿಗೆ ಬೇಕಾದ ಶಕ್ತಿ ಕೊಡುತ್ತದೆ.

ಮೊದಲ ದಿನದಿಂದಲೇ ಲಾಗ್‌ಬುಕ್ ಬರೆಯಿರಿ. ತಾರೀಕು, ದೋಣಿ, ಎಲ್ಲಿಂದ ಎಲ್ಲಿಗೆ, ಎಷ್ಟು ಮೈಲು, ರಾತ್ರಿ ಎಷ್ಟು ಗಂಟೆ, ಗಾಳಿ ಎಷ್ಟಿತ್ತು, ನೀವು ಕೈಯಾಳಾಗಿದ್ದಿರಾ ಸ್ಕಿಪ್ಪರಾ. ಸ್ಕಿಪ್ಪರ್ ಸಹಿ ಅಲ್ಲೇ ಹಾಕಿಸಿಕೊಳ್ಳಿ. ಪರೀಕ್ಷೆಗೆ ಈ ಪುಸ್ತಕವೇ ಆಧಾರ.

ನಕ್ಷೆಯ ಮೇಲೆ ಒಂದು ಯಾನ

ಲೆಕ್ಕದ ಭಾಗವನ್ನು ಮಳೆಗಾಲದಲ್ಲಿ, ಸಮುದ್ರ ಮುಚ್ಚಿರುವಾಗ ಮನೆಯಲ್ಲೇ ಕೂತು ಕಲಿಯಬಹುದು. ನಮ್ಮ ಕರಾವಳಿಯ ನಕ್ಷೆಗಳನ್ನು ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್ ಹೊರತರುತ್ತದೆ. ಅಕ್ಷಾಂಶದ ಒಂದು ಮಿನಿಟ್ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ಇದೊಂದು ಗೊತ್ತಿದ್ದರೆ ದೂರ ಅಳೆಯಲು ನಕ್ಷೆಯ ಅಂಚೇ ಸ್ಕೇಲು.

ಗೋವಾದ ಮುರ್ಮುಗೋವಾದಿಂದ ಕಾರವಾರಕ್ಕೆ ಹೋಗೋಣ. ಮುರ್ಮುಗೋವಾ ಸುಮಾರು 15 ಡಿಗ್ರಿ 25 ಮಿನಿಟ್ ಉತ್ತರ, ಕಾರವಾರ 14 ಡಿಗ್ರಿ 48 ಮಿನಿಟ್. ವ್ಯತ್ಯಾಸ 37 ಮಿನಿಟ್. ಕರಾವಳಿ ಸ್ವಲ್ಪ ಓರೆಯಾಗಿರುವುದರಿಂದ 40ರಿಂದ 45 ಮೈಲು ಹಿಡಿಯಿರಿ. ದೋಣಿ 5 ನಾಟ್ ಓಡಿದರೆ ಎಂಟೊಂಬತ್ತು ಗಂಟೆ. ಬೆಳಕಿರುವಾಗಲೇ ತಲುಪಬೇಕಾದರೆ ನಸುಕಿನಲ್ಲಿ ಹೊರಡಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ. ಅಂದರೆ ಕಾರವಾರಕ್ಕೆ ಹೋಗುವಾಗ ಮಧ್ಯಾಹ್ನದ ಗಾಳಿ ಬೆನ್ನಿಗೆ, ಬರುವಾಗ ಅದೇ ಗಾಳಿ ಎದುರಿಗೆ. ಹೋಗುವ ಹೊತ್ತಿನಲ್ಲೇ ವಾಪಸ್ ಬರುತ್ತೇನೆ ಅಂತ ಲೆಕ್ಕ ಹಾಕಿದರೆ ಕತ್ತಲಾಗುತ್ತದೆ. ಕಾರವಾರದ ಹತ್ತಿರ ನೌಕಾಪಡೆಯ ನೆಲೆ ಇದೆ, ನಿಷೇಧಿತ ಜಾಗಗಳನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ.

ಇದೇ ರೀತಿ ಗೋವಾದಿಂದ ಮುಂಬೈ ಲೆಕ್ಕ ಹಾಕಿ. ಮೂರೂವರೆ ಡಿಗ್ರಿ, ಅಂದರೆ 210 ಮೈಲಿಗೂ ಜಾಸ್ತಿ. ಎರಡು ರಾತ್ರಿ ಕಡಲಲ್ಲೇ. ಮುಂಬೈಯ ಉಬ್ಬರ ಗೋವಾದ ಎರಡು ಪಟ್ಟಿಗೂ ಹೆಚ್ಚು, ಯಾವ ಹೊತ್ತಿಗೆ ಬಂದರಿನೊಳಗೆ ಹೋಗುತ್ತೀರಿ ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಸರ್ಟಿಫಿಕೇಟ್‌ಗಳು

ಹೆಚ್ಚು ಕಡೆ ಒಪ್ಪುವುದು ಬ್ರಿಟನ್ನಿನ ರಾಯಲ್ ಯಾಚಿಂಗ್ ಅಸೋಸಿಯೇಷನ್‌ನ ಸರಣಿ. ಐದು ದಿನದ ಕಾಂಪಿಟೆಂಟ್ ಕ್ರೂ, ಆಮೇಲೆ 16 ವರ್ಷ ತುಂಬಿದವರಿಗೆ ಡೇ ಸ್ಕಿಪ್ಪರ್, ಅದಾದ ಮೇಲೆ ಕೋಸ್ಟಲ್ ಸ್ಕಿಪ್ಪರ್. ಇವು ಕೋರ್ಸುಗಳು. ಯಾಚ್‌ಮಾಸ್ಟರ್ ಆಫ್‌ಶೋರ್ ಮಾತ್ರ ಪರೀಕ್ಷೆ. 18 ವರ್ಷ ಆಗಿರಬೇಕು. ಕಡಲಲ್ಲಿ 50 ದಿನ, 2,500 ಮೈಲು ಆಗಿರಬೇಕು. ಅದರಲ್ಲಿ ಸ್ಕಿಪ್ಪರ್ ಆಗಿ 5 ದಿನ ಇರಬೇಕು. 60 ಮೈಲಿಗೂ ಉದ್ದದ 5 ಯಾನಗಳು ಬೇಕು, ಅವುಗಳಲ್ಲಿ ಎರಡು ರಾತ್ರಿಯಿಡೀ, ಎರಡು ನಿಮ್ಮದೇ ಹೊಣೆಯಲ್ಲಿ. ಮೈಲುಗಳಲ್ಲಿ ಅರ್ಧ ಉಬ್ಬರ ಇಳಿತ ಇರುವ ನೀರಿನಲ್ಲಿ ಆಗಿರಬೇಕು. ವಿಎಚ್‌ಎಫ್ ರೇಡಿಯೊ ಸರ್ಟಿಫಿಕೇಟ್ ಮತ್ತು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಜೊತೆಗಿರಬೇಕು. ಒಬ್ಬರಿಗೆ ಪರೀಕ್ಷೆ 8ರಿಂದ 12 ಗಂಟೆ ನಡೆಯುತ್ತದೆ, ಹಗಲೂ ರಾತ್ರಿಯೂ. ಪರೀಕ್ಷಕರು ನೋಡುವುದು ಹಾಯಿ ಕಟ್ಟುವ ಚಂದವನ್ನಷ್ಟೇ ಅಲ್ಲ. ತಂಡದ ಜೊತೆ ಹೇಗೆ ಮಾತಾಡುತ್ತೀರಿ, ಮುಂದಿನ ಅರ್ಧ ಗಂಟೆಯಲ್ಲಿ ಏನಾಗಬಹುದು ಅಂತ ಯೋಚಿಸಿದ್ದೀರಾ ಅನ್ನುವುದನ್ನೂ ನೋಡುತ್ತಾರೆ.

ದುಡ್ಡು ಕೊಟ್ಟು ಕೆಲವೇ ತಿಂಗಳಲ್ಲಿ ಎಲ್ಲ ಮುಗಿಸುವ ಪ್ಯಾಕೇಜುಗಳೂ ಇವೆ. ನನಗೆ ಅವುಗಳ ಮೇಲೆ ಭರವಸೆ ಕಡಿಮೆ. ಮೈಲು ತುಂಬುತ್ತದೆ, ಬೇರೆ ಬೇರೆ ಹವಾಮಾನ ನೋಡಿದ ಅನುಭವ ಬರುವುದಿಲ್ಲ.

ನಡುಗಡಲಲ್ಲಿ ಸ್ಕಿಪ್ಪರ್

ದಡ ಮರೆಯಾದ ಮೇಲೆ ಸ್ಕಿಪ್ಪರ್ ಕೆಲಸ ಬಹುಪಾಲು ಮುಂಚೆಯೇ ಯೋಚಿಸುವುದು. ಜೂನಿನಿಂದ ಸೆಪ್ಟೆಂಬರ್ ಅರಬ್ಬಿ ಸಮುದ್ರ ನಮ್ಮಂಥ ದೋಣಿಗಳಿಗಲ್ಲ. ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ ಚಂಡಮಾರುತದ ಭಯ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಹೋಯಿತು. ಹೊರಡುವ ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆ ಎರಡನ್ನೂ ನೋಡಿ. ಎರಡೂ ಹೊಂದದಿದ್ದರೆ ಕೆಟ್ಟದ್ದನ್ನೇ ನಂಬಿ.

ಗಾಳಿ ಏರುತ್ತಿದೆ, ಹಾಯಿ ಕಿರಿದು ಮಾಡಬೇಕೇನೋ ಅಂತ ಮನಸ್ಸಿಗೆ ಬಂದ ಕ್ಷಣವೇ ಮಾಡಿಬಿಡಿ. ಕತ್ತಲಾಗುವ ಮೊದಲಂತೂ ಒಂದು ಮಡಿಕೆ ಕಿರಿದು ಮಾಡಿಡಿ. ರಾತ್ರಿ ಮಲಗಿದವರನ್ನು ಎಬ್ಬಿಸಿ, ಹಾರುವ ಡೆಕ್ ಮೇಲೆ ಮಾಡಿಸುವುದಕ್ಕಿಂತ ಅರ್ಧ ನಾಟ್ ವೇಗ ಕಳೆದುಕೊಳ್ಳುವುದು ಮೇಲು. ತೀರಾ ಜೋರಾದರೆ ಹೀವ್ ಟು ಮಾಡಲು ಬರಬೇಕು. ಮುಂದಿನ ಹಾಯಿಯನ್ನು ಗಾಳಿಗೆ ಉಲ್ಟಾ ಹಿಡಿದು ಚುಕ್ಕಾಣಿಯನ್ನು ಇನ್ನೊಂದು ಕಡೆಗೆ ಕಟ್ಟಿದರೆ ದೋಣಿ ಹೆಚ್ಚು ಕಡಿಮೆ ನಿಂತಲ್ಲೇ ತೇಲುತ್ತದೆ. ಆ ಹೊತ್ತಿನಲ್ಲಿ ಅನ್ನ ಮಾಡಬಹುದು, ಗಾಯ ಕಟ್ಟಬಹುದು, ನಿದ್ದೆ ಮಾಡಬಹುದು.

ಕಾವಲಿನ ಸರದಿ ಮೂರು ಅಥವಾ ನಾಲ್ಕು ಗಂಟೆಯದು. ಮೊದಲ ರಾತ್ರಿಯಿಂದಲೇ ಪಾಲಿಸಿ, ಸ್ಕಿಪ್ಪರ್ ಕೂಡ ಮಲಗಬೇಕು. ನಮ್ಮ ಕರಾವಳಿಯಲ್ಲಿ ರಾತ್ರಿಯ ದೊಡ್ಡ ಅಪಾಯ ದೀಪವಿಲ್ಲದ ಮೀನುಗಾರಿಕೆ ದೋಣಿ ಮತ್ತು ಬಲೆ. ದೋಣಿಯ ರೇಡಾರ್ ಪರದೆಯ ಮೇಲೆ ಅವು ಕಾಣುವುದೇ ಇಲ್ಲ ಅಂತಲೇ ತಿಳಿದು ಕಣ್ಣಿನಿಂದ ನೋಡಿ.

ಯಾರಾದರೂ ನೀರಿಗೆ ಬಿದ್ದರೆ: ಜೋರಾಗಿ ಕೂಗಿ. ಒಬ್ಬರು ಬೆರಳು ತೋರಿಸುತ್ತಾ ಕಣ್ಣು ತೆಗೆಯದೆ ನಿಲ್ಲಬೇಕು. ತೇಲುವ ಬಳೆ ಎಸೆಯಿರಿ. ಜಿಪಿಎಸ್‌ನಲ್ಲಿ ಗುಂಡಿ ಒತ್ತಿ ಜಾಗ ಗುರುತಿಸಿ. ದೋಣಿ ತಿರುಗಿಸಿ, ನಿಧಾನವಾಗಿ ಹತ್ತಿರ ಹೋಗಿ. ಇದನ್ನು ಪ್ರತಿ ಹೊಸ ತಂಡದ ಜೊತೆ ಮೊದಲ ದಿನವೇ ಹಗಲಲ್ಲಿ ಅಭ್ಯಾಸ ಮಾಡಿಸಿ. ಒದ್ದೆ ಬಟ್ಟೆಯ ಮನುಷ್ಯನನ್ನು ಮೇಲೆತ್ತುವುದು ಎಷ್ಟು ಕಷ್ಟ ಅಂತ ಆಗಲೇ ಗೊತ್ತಾಗುವುದು.

2018ರ ಸೆಪ್ಟೆಂಬರಿನಲ್ಲಿ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿದ್ದ ಅಭಿಲಾಷ್ ಟಾಮಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕರು. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಮುರಿಯಿತು, ಬೆನ್ನಿಗೆ ಪೆಟ್ಟಾಯಿತು. ತಾವಿರುವ ಜಾಗ ಹೊರಗಿನವರಿಗೆ ತಿಳಿಯುವ ವ್ಯವಸ್ಥೆ ಇದ್ದದ್ದರಿಂದ ಫ್ರಾನ್ಸಿನ ಹಡಗೊಂದು ಬಂದು ಅವರನ್ನು ಎತ್ತಿಕೊಂಡಿತು. 2023ರಲ್ಲಿ ಅದೇ ರೇಸನ್ನು ಅವರು ಎರಡನೆಯವರಾಗಿ ಮುಗಿಸಿದರು. ಹಾಗಾಗಿ 406 ಮೆಗಾಹರ್ಟ್ಸ್‌ನ ಈಪರ್ಬ್ ಅನ್ನು (ಅಪಾಯದಲ್ಲಿ ಉಪಗ್ರಹದ ಮೂಲಕ ನೀವಿರುವ ಜಾಗ ತಿಳಿಸುವ ಸಾಧನ) ನಿಮ್ಮ ದೋಣಿಯ ಹೆಸರಿಗೆ ನೋಂದಾಯಿಸಿ ಇಟ್ಟುಕೊಳ್ಳಿ. ತುರ್ತು ಕರೆ ಬರುವ ವಿಎಚ್‌ಎಫ್ ರೇಡಿಯೊ ಚಾನೆಲ್ 16 ಸದಾ ಕೇಳುತ್ತಿರಲಿ.

ಕೊನೆಯದಾಗಿ, ಹೊರಡುವ ಹಿಂದಿನ ದಿನ ಒಂದು ಹಾಳೆ ಬರೆದು ಮನೆಯಲ್ಲಿ ಒಬ್ಬರಿಗೆ ಕೊಡಿ. ಅಣ್ಣನೋ ಅಕ್ಕನೋ, ಫೋನ್ ಎತ್ತುವವರು ಯಾರಾದರೂ ಸರಿ. ದೋಣಿಯ ಹೆಸರು, ಬಣ್ಣ, ಉದ್ದ, ಒಳಗಿರುವವರ ಹೆಸರು, ಹೋಗುವ ದಾರಿ, ತಲುಪುವ ಹೊತ್ತು ಅದರಲ್ಲಿರಲಿ. ಎಷ್ಟು ಗಂಟೆ ತಡವಾದರೆ ಗಾಬರಿ ಬೇಡ, ಎಷ್ಟಾದರೆ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಬೇಕು ಅನ್ನುವುದನ್ನು ಗಡಿಯಾರದ ಹೊತ್ತು ಹಾಕಿಯೇ ಬರೆಯಿರಿ. ತಲುಪಿದ ಕೂಡಲೇ, ಹಾಯಿ ಮಡಿಸುವ ಮೊದಲೇ, ಅವರಿಗೆ ಫೋನ್ ಮಾಡಿ.